ಬೇಹು ವಿಮಾನದ ಚಿತ್ರಗಳು: ನೇರ, ಓರೆ, ಅವಗೆಂಪು, ಥರ್ಮಲ್, ರೇಡಾರ್. ಯಾವುದು ಎಲ್ಲಿ ಕೈಕೊಡುತ್ತೆ?

ಚಿತ್ರಪಟ_ಚಾಮರಾಜಪೇಟೆ

ಎಲ್ಲರಿಗೂ ನಮಸ್ಕಾರ. ಇಲ್ಲಿನ ವಿಜ್ಞಾನ ಬಳಗಕ್ಕೆ ಸೇನಾ ವಿಚಕ್ಷಣೆಯ ವೈಮಾನಿಕ ಚಿತ್ರಗಳ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಆಗ್ತಿದೆ. ಎಲ್ಲಿ ನೋಡಿದರೂ ಅದೇ ಮೂರು ಸಾಲು: ರೇಡಾರ್ ಮೋಡ ದಾಟುತ್ತೆ, ಥರ್ಮಲ್‌ಗೆ ರಾತ್ರಿ ಕಾಣುತ್ತೆ, ಉಪಗ್ರಹಕ್ಕೆ ಎಲ್ಲವೂ ಕಾಣುತ್ತೆ. ಅಷ್ಟು ಹೇಳೋಕೆ ಕೈಪಿಡಿ ಯಾಕೆ ಬೇಕು?

ಒಂದೇ ಉದಾಹರಣೆ ಹಿಡಿದುಕೊಂಡು ಹೋಗೋಣ. ಮರಗಳ ಸಾಲಿನ ಅಂಚಿನಲ್ಲಿ ಮರೆಮಾಚುವ ಬಲೆ ಹೊದಿಸಿ ನಿಲ್ಲಿಸಿದ ಒಂದು ಟ್ಯಾಂಕ್ ಇದೆ. ಯಾವ ಬಗೆಯ ಚಿತ್ರದಲ್ಲಿ ಅದು ಸಿಕ್ಕಿಬೀಳುತ್ತೆ, ಯಾವುದರಲ್ಲಿ ತಪ್ಪಿಸಿಕೊಳ್ಳುತ್ತೆ, ಯಾಕೆ? ಲೆಕ್ಕ ಸಮೇತ ಹೇಳಿದರೆ ಉಪಕಾರ. ಪಠ್ಯಪುಸ್ತಕಗಳಲ್ಲಿ ಇರೋ ವಿಷಯ ಮಾತ್ರ ಸಾಕು. ಈಗಿನ ನೆಲೆಗಳು, ನಿಯೋಜನೆಗಳ ಮಾತು ಬೇಡ.

ನೆರಳಳತೆ

ಸಂವೇದಕ ಯಾವುದು ಅನ್ನೋದಕ್ಕೂ ಮೊದಲು ಕ್ಯಾಮೆರಾ ಎತ್ತ ನೋಡುತ್ತಿದೆ ಅಂತ ಕೇಳಬೇಕು. ಅಕ್ಷ ಲಂಬದಿಂದ 3 ಡಿಗ್ರಿ ಒಳಗಿದ್ದರೆ ಅದು ನೇರ ಚಿತ್ರ. ಹೆಚ್ಚು ವಾಲಿದರೆ ಓರೆ ಚಿತ್ರ. ಅದರಲ್ಲೂ ದಿಗಂತ ಕಾಣದಿದ್ದರೆ ಕೆಳ ಓರೆ, ಕಂಡರೆ ಮೇಲ್ ಓರೆ.

ನೇರ ಚಿತ್ರದ ಬಲವೇನೆಂದರೆ ಅಳತೆ. ಲೆನ್ಸಿನ ನಾಭಿದೂರವನ್ನು (ಫೋಕಲ್ ಲೆಂಗ್ತ್) ನೆಲದಿಂದ ಇರುವ ಎತ್ತರದಿಂದ ಭಾಗಿಸಿದರೆ ಸ್ಕೇಲ್ ಬರುತ್ತದೆ. 152 ಮಿ.ಮೀ. ಲೆನ್ಸ್, 3,040 ಮೀಟರ್ ಎತ್ತರ: 1:20,000. ಹಳೆಯ 23 ಸೆಂ.ಮೀ. ಚೌಕದ ಫಿಲ್ಮ್ ಒಂದು ಚಿತ್ರಕ್ಕೆ 4.6 ಕಿ.ಮೀ. ಅಗಲ ಹಿಡಿಯುತ್ತದೆ. ಜೋಡಿ ನೋಟಕ್ಕೆ (ಒಂದೇ ನೆಲದ ಎರಡು ಚಿತ್ರ ಸೇರಿಸಿ ಆಳ ಕಾಣುವುದಕ್ಕೆ) ಮುಂದುವರಿಕೆಯಲ್ಲಿ 60 ಪ್ರತಿಶತ ಓವರ್‌ಲ್ಯಾಪ್ ಬೇಕು, ಅಂದರೆ 1.84 ಕಿ.ಮೀ.ಗೆ ಒಂದು ಕ್ಲಿಕ್. ಸೆಕೆಂಡಿಗೆ 100 ಮೀಟರ್ ವೇಗದಲ್ಲಿ 18 ಸೆಕೆಂಡಿಗೊಮ್ಮೆ. ಅದೇ ವಿಮಾನ ಕೆಳಗಿಳಿದು 1:5,000 ಸ್ಕೇಲ್‌ಗೆ ಬಂದರೆ 4.6 ಸೆಕೆಂಡಿಗೊಮ್ಮೆ, ಮತ್ತು ನಾಲ್ಕು ಪಟ್ಟು ಹೆಚ್ಚು ಸಾಲು ಹಾರಬೇಕು. ಪಕ್ಕದ ಸಾಲುಗಳ ನಡುವೆ 20ರಿಂದ 30 ಪ್ರತಿಶತ ಓವರ್‌ಲ್ಯಾಪ್. ಅಡ್ಡಗಾಳಿಗೆ ವಿಮಾನ ಮೂಗು ತಿರುಗಿಸಿ ಹಾರುವಾಗ ಕ್ಯಾಮೆರಾವನ್ನು ತಿರುಗಿಸಿ ಸರಿಮಾಡದಿದ್ದರೆ ಚೌಕಗಳು ಮೆಟ್ಟಿಲು ಮೆಟ್ಟಿಲಾಗಿ ಬಿದ್ದು, ಸಾಲುಗಳ ನಡುವೆ ನೆಲವೇ ಬಿಟ್ಟುಹೋಗುತ್ತದೆ. ಬಿಟ್ಟುಹೋಗಿದೆ ಅಂತ ತಿಳಿಯುವುದು ಚಿತ್ರಗಳನ್ನು ಮೇಜಿನ ಮೇಲೆ ಜೋಡಿಸಿದಾಗಲೇ.

ಕೈಕೊಡುವುದು ಬೆಟ್ಟದ ಸೀಮೆಯಲ್ಲಿ. ಕಾರ್ಗಿಲ್ ಪಟ್ಟಣ ಸುಮಾರು 2,700 ಮೀಟರ್ ಎತ್ತರದಲ್ಲಿದೆ, ಟೈಗರ್ ಹಿಲ್ 5,062 ಮೀಟರ್. 9,000 ಮೀಟರ್‌ನಲ್ಲಿ ಹಾರುವ ವಿಮಾನಕ್ಕೆ ಇದೇ 152 ಮಿ.ಮೀ. ಲೆನ್ಸ್ ಇದ್ದರೆ ಕಣಿವೆಯಲ್ಲಿ ಸ್ಕೇಲ್ ಸುಮಾರು 1:41,000, ಶಿಖರದಲ್ಲಿ 1:26,000. ಒಂದೇ ಸ್ಕೇಲ್ ಹಿಡಿದು ಅಳೆದರೆ ಬಂಕರ್ ಒಂದೂವರೆ ಪಟ್ಟು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ.

ಇನ್ನೊಂದು ದೌರ್ಬಲ್ಯ ಲೆಕ್ಕಕ್ಕೆ ಸಿಗುವಂಥದ್ದಲ್ಲ: ನೇರ ಚಿತ್ರ ಬೇಕೆಂದರೆ ವಿಮಾನ ಗುರಿಯ ತಲೆಯ ಮೇಲೇ ಹೋಗಬೇಕು. ಮೇ 21, 1999ರಂದು ಕಾರ್ಗಿಲ್ ವಲಯದಲ್ಲಿ ಚಿತ್ರ ತೆಗೆಯುತ್ತಿದ್ದ ವಾಯುಪಡೆಯ ಕ್ಯಾನ್‌ಬೆರಾಕ್ಕೆ ಕ್ಷಿಪಣಿ ತಗಲಿತು. ವಿಮಾನ ಹೇಗೋ ವಾಪಸ್ ಬಂತು.

ಕೆಂಗೇರಿ_ಕುತೂಹಲಿ

ಸರ್, ನೇರ ಚಿತ್ರದಲ್ಲಿ ಬರೀ ಚಾವಣಿ ಕಾಣುತ್ತಲ್ಲ, ಎತ್ತರ ಹೇಗೆ ಗೊತ್ತಾಗುತ್ತೆ? ನೆರಳು ಅಳೆದು ಅಂತಾರೆ, ಅದನ್ನ ನಂಬಬಹುದಾ?

ನೆರಳಳತೆ

ಮೂರು ದಾರಿ ಇವೆ, ಮೂರಕ್ಕೂ ಷರತ್ತುಗಳಿವೆ.

ನೆರಳು: ಎತ್ತರ = ನೆರಳಿನ ಉದ್ದ × ಸೂರ್ಯನ ಕೋನದ ಟ್ಯಾನ್. ಡಿಸೆಂಬರ್ 21ರ ನಡುಹಗಲು ಬೆಂಗಳೂರಿನಲ್ಲಿ ಸೂರ್ಯ 53.6 ಡಿಗ್ರಿ ಮೇಲಿರುತ್ತಾನೆ, 30 ಮೀಟರ್ ಗೋಪುರದ ನೆರಳು 22 ಮೀಟರ್. ನೆಲ ಸಮತಟ್ಟಾಗಿರಬೇಕು, ನೆರಳಿನ ತುದಿ ಪೂರ್ತಿ ಕಾಣಬೇಕು, ಚಿತ್ರದ ಸಮಯ ನಿಮಿಷದ ಮಟ್ಟಿಗೆ ಗೊತ್ತಿರಬೇಕು. ನೆಲ ಇಳಿಜಾರಾಗಿದ್ದರೆ ನೆರಳು ಉದ್ದವಾಗಿ ಗೋಪುರ ಸುಳ್ಳೇ ಬೆಳೆಯುತ್ತದೆ. ಏಪ್ರಿಲ್ 24ರ ಸುಮಾರಿಗೆ, ಮತ್ತೆ ಆಗಸ್ಟ್ 18ರ ಸುಮಾರಿಗೆ, ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನ. ಆ ಏಪ್ರಿಲ್ ದಿನ 12 ಗಂಟೆ 17 ನಿಮಿಷದ ಹೊತ್ತಿಗೆ ತೆಗೆದ ಚಿತ್ರದಲ್ಲಿ ಕಂಬ, ಆಂಟೆನಾ, ಬೇಲಿ ಎಲ್ಲ ಮಾಯ. ತೆಳ್ಳಗಿನ ವಸ್ತುಗಳನ್ನು ಮೇಲಿನಿಂದ ಗುರುತಿಸುವುದು ನೆರಳಿನಿಂದಲೇ. ನಕ್ಷೆಗೆ ನೆರಳಿಲ್ಲದ ಹೊತ್ತು ಒಳ್ಳೆಯದು. ಬೇಹಿಗೆ ಬೆಳಗಿನ ಅಥವಾ ಮಧ್ಯಾಹ್ನದ ನಂತರದ ಓರೆ ಬಿಸಿಲು ಬೇಕು.

ವಾಲಿಕೆ: ಎತ್ತರದ ವಸ್ತು ಚಿತ್ರದ ನಡುಬಿಂದುವಿನಿಂದ ಹೊರಮುಖವಾಗಿ ವಾಲಿದಂತೆ ಕಾಣುತ್ತದೆ. ಆ ವಾಲಿಕೆಯನ್ನು ಹಾರಾಟದ ಎತ್ತರದಿಂದ ಗುಣಿಸಿ, ನಡುವಿನಿಂದ ವಸ್ತುವಿನ ತುದಿಗಿರುವ ದೂರದಿಂದ ಭಾಗಿಸಿ. 0.8 ಮಿ.ಮೀ. ವಾಲಿಕೆ, 3,000 ಮೀಟರ್, 80 ಮಿ.ಮೀ.: ಚಿಮಣಿ 30 ಮೀಟರ್. ನಡುಬಿಂದುವಿನಲ್ಲೇ ಇದ್ದರೆ ವಾಲಿಕೆ ಸೊನ್ನೆ, ಲೆಕ್ಕವೂ ಸೊನ್ನೆ.

ಮೂರನೆಯದು ಜೋಡಿ ಚಿತ್ರ. ಇಸ್ರೊದ ಕಾರ್ಟೊಸ್ಯಾಟ್-1 ಉಪಗ್ರಹ (2005) ಇದೇ ಕೆಲಸಕ್ಕೆ ಒಂದು ಕ್ಯಾಮೆರಾ ಮುಂದಕ್ಕೆ 26 ಡಿಗ್ರಿ, ಇನ್ನೊಂದು ಹಿಂದಕ್ಕೆ 5 ಡಿಗ್ರಿ ವಾಲಿಸಿಕೊಂಡಿತ್ತು.

ಉತ್ತರ ಮೇಲೆ ಬರುವಂತೆ ಚಿತ್ರ ಇಟ್ಟರೆ ಉತ್ತರ ಗೋಳಾರ್ಧದಲ್ಲಿ ನೆರಳು ನೋಡುವವರಿಂದ ಆಚೆ ಬೀಳುತ್ತದೆ, ಆಗ ಕಣ್ಣು ಗುಡ್ಡವನ್ನು ಗುಂಡಿ ಅಂತ ಓದುತ್ತದೆ, ಕಂದಕ ದಿಬ್ಬವಾಗುತ್ತದೆ. ನೆರಳು ನಮ್ಮ ಕಡೆ ಬೀಳುವಂತೆ ಚಿತ್ರ ತಿರುಗಿಸಿ ನೋಡಬೇಕು. ನಮ್ಮ ಊರಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ಉತ್ತರಕ್ಕಿರುವುದರಿಂದ ಆಗ ತಿರುಗಿಸುವುದೇ ತಪ್ಪು. ದೆಹಲಿಯ ಅಭ್ಯಾಸವನ್ನು ಇಲ್ಲಿಗೆ ತರಬೇಡಿ.

ಪೀಣ್ಯ_ಲೆನ್ಸ್

ನೆರಳಳತೆಯವರು ಓರೆ ಚಿತ್ರವನ್ನು ಒಂದು ಸಾಲಲ್ಲಿ ಮುಗಿಸಿದ್ರು. ಯುದ್ಧದಲ್ಲಿ ಅರ್ಧ ಕೆಲಸ ಅದರದ್ದೇ.

1941ರ ಡಿಸೆಂಬರ್‌ನಲ್ಲಿ ಫ್ರಾನ್ಸ್ ಕರಾವಳಿಯ ಬ್ರೂನೆವಾಲ್‌ನಲ್ಲಿ ಜರ್ಮನರ ವುರ್ಟ್ಸ್‌ಬರ್ಗ್ ರೇಡಾರ್ ಇದೆ ಅಂತ ಖಚಿತವಾದದ್ದು ಹೇಗೆ? ಎತ್ತರದ ನೇರ ಚಿತ್ರದಲ್ಲಿ ಬಂಗಲೆ ಮುಂದೆ ಒಂದು ಚುಕ್ಕೆ, ಅಷ್ಟೇ. ಬ್ರಿಟಿಷ್ ಪೈಲಟ್ ಟೋನಿ ಹಿಲ್ ಸ್ಪಿಟ್‌ಫೈರ್ ವಿಮಾನದಲ್ಲಿ ತೀರಾ ಕೆಳಗೆ ಬಂದು ಪಕ್ಕದಿಂದ ಓರೆ ಚಿತ್ರ ತೆಗೆದಾಗ ತಟ್ಟೆಯ ಆಕಾರ ಕಂಡಿತು. 1942ರ ಫೆಬ್ರವರಿ 27ರ ರಾತ್ರಿ ಪ್ಯಾರಾಟ್ರೂಪರ್‌ಗಳು ಇಳಿದು ಅದರ ಭಾಗಗಳನ್ನು ಬಿಚ್ಚಿಕೊಂಡು ಹೋದರು. ಕ್ಯೂಬಾದಲ್ಲೂ ಹಾಗೇ: ಅಕ್ಟೋಬರ್ 14, 1962ರ ಅಮೆರಿಕದ ಯು-2 ಬೇಹು ವಿಮಾನದ ಚಿತ್ರಗಳು ಕ್ಷಿಪಣಿ ನೆಲೆ ಇದೆ ಅಂದವು, ಕೆಲವೇ ದಿನಗಳಲ್ಲಿ ಮರದ ಮಟ್ಟದಲ್ಲಿ ಹಾರಿದ ಕ್ರುಸೇಡರ್ ಜೆಟ್‌ಗಳು ಕೇಬಲ್, ಟ್ರೇಲರ್, ಡೇರೆ ಒಂದೊಂದಾಗಿ ತೋರಿಸಿದವು.

ಕೆಳಗಿನ ಹಾರಾಟ ಬೇಡ, ಗಡಿ ಈಚೆಯಿಂದಲೇ ನೋಡಬೇಕು ಅಂದ್ರೆ ಉದ್ದ ಲೆನ್ಸಿನ ದೂರ ಓರೆ. ಬ್ರಿಟಿಷ್ ಟಾರ್ನೆಡೊ ಜೆಟ್‌ಗಳು ಹೊತ್ತ ಡಿಬಿ-110 ಕ್ಯಾಮೆರಾದ ನಾಭಿದೂರ 110 ಇಂಚು, ಸುಮಾರು 2.8 ಮೀಟರ್. ಈಗ ಲೆಕ್ಕ ನೋಡಿ. 10 ಕಿ.ಮೀ. ಎತ್ತರ, ದಿಗಂತದಿಂದ 10 ಡಿಗ್ರಿ ಕೆಳಗೆ ನೋಟ: ದೃಷ್ಟಿರೇಖೆ 57.6 ಕಿ.ಮೀ. 10 ಮೈಕ್ರಾನ್ ಪಿಕ್ಸೆಲ್ ಅಂದುಕೊಂಡರೆ ಅಡ್ಡಕ್ಕೆ 21 ಸೆಂ.ಮೀ. ಸಿಗುತ್ತೆ. ಬೊಂಬಾಟ್! ಆದರೆ ನೋಟದ ದಿಕ್ಕಿನಲ್ಲಿ ನೆಲ ಹಿಸುಕಿಹೋಗಿ ಒಂದು ಪಿಕ್ಸೆಲ್‌ಗೆ ಸುಮಾರು 1.2 ಮೀಟರ್. ಟ್ಯಾಂಕಿನ ಪಕ್ಕದ ಗೋಡೆ ಚೆನ್ನಾಗಿ ಕಾಣುತ್ತೆ, ನೆಲದ ಮೇಲಿನ ಚಕ್ರದ ಗುರುತು ಹೋಗಿಬಿಡುತ್ತೆ. ಜೊತೆಗೆ, 15 ಮೀಟರ್ ಮರ ಈ ಕೋನದಲ್ಲಿ ತನ್ನ ಹಿಂದಿನ 85 ಮೀಟರ್ ನೆಲವನ್ನು ಮರೆಮಾಡುತ್ತೆ. ನಿಮ್ಮ ಟ್ಯಾಂಕ್ ಮರಸಾಲಿನ ಆಚೆ ಬದಿಗಿದ್ದರೆ ಕಥೆ ಮುಗೀತು.

ಮಬ್ಬೂ ಹಾಗೇ: ನೇರ ನೋಟಕ್ಕಿಂತ ಗಾಳಿಯ ದಾರಿ ಸುಮಾರು ಆರು ಪಟ್ಟು ಉದ್ದ. ನೀಲಿ ಬೆಳಕು ಗಾಳಿಯ ಅಣುಗಳಿಂದ ಹೆಚ್ಚು ಚೆದುರುತ್ತೆ. 450 ನ್ಯಾನೊಮೀಟರ್‌ಗೆ ಹೋಲಿಸಿದರೆ 850ರಲ್ಲಿ ಚೆದುರಿಕೆ ಸುಮಾರು ಹದಿಮೂರರಲ್ಲಿ ಒಂದು ಪಾಲು. ಅದಕ್ಕೇ ಹಳದಿ ಫಿಲ್ಟರ್ ಹಾಕಿ 500 ನ್ಯಾನೊಮೀಟರ್ ಕೆಳಗಿನದನ್ನು ಕತ್ತರಿಸ್ತಾರೆ, ಅಥವಾ ಅವಗೆಂಪಿಗೆ (ಇನ್‌ಫ್ರಾರೆಡ್) ಹೋಗ್ತಾರೆ. ದೂರ ಓರೆಗೆ ಬಣ್ಣದ ಚಿತ್ರ ಅನ್ನೋದು ನನ್ನ ಲೆಕ್ಕದಲ್ಲಿ ಬರೀ ಆಡಂಬರ. ಧೂಳು, ಹೊಗೆಯ ಕಣ ದೊಡ್ಡದಾದರೆ ಈ ಲಾಭವೂ ಇಲ್ಲ ಅನ್ನೋದು ನೆನಪಿರಲಿ.

ಇನ್ನು ಓಟದ ಮಸುಕು. ಸೆಕೆಂಡಿಗೆ 250 ಮೀಟರ್ ಹೋಗುವ ಜೆಟ್, 1/500 ಸೆಕೆಂಡ್ ಶಟರ್: ನೆಲದಲ್ಲಿ 50 ಸೆಂ.ಮೀ. ಎಳೆದುಹೋಗುತ್ತೆ. 1/2000 ಮಾಡಿದ್ರೂ 12 ಸೆಂ.ಮೀ. ಫಿಲ್ಮನ್ನೋ ಕನ್ನಡಿಯನ್ನೋ ಅದೇ ವೇಗದಲ್ಲಿ ಸರಿಸಿ ಸರಿದೂಗಿಸಬೇಕು. ಸರಿದೂಗಿಸುವ ಯಂತ್ರಕ್ಕೆ ಎತ್ತರ ತಪ್ಪಾಗಿ ಕೊಟ್ಟರೆ ಅದೇ ಮಸುಕನ್ನು ಉಂಟುಮಾಡುತ್ತೆ. ಚಿತ್ರ ಹಾರಾಟದ ದಿಕ್ಕಿನಲ್ಲಿ ಮಾತ್ರ ಮಸುಕಾಗಿದ್ರೆ ಲೆನ್ಸನ್ನು ಬೈಯಬೇಡಿ, ವೇಗ ಮತ್ತು ಎತ್ತರದ ಅನುಪಾತ ನೋಡಿ.

ನೆರಳಳತೆ

ಒಪ್ಪಿದೆ, ಆದರೆ ಉದ್ದ ಲೆನ್ಸಿನ ಇನ್ನೊಂದು ಬೆಲೆಯನ್ನೂ ಹೇಳಿ. 60 ಪ್ರತಿಶತ ಓವರ್‌ಲ್ಯಾಪ್‌ನಲ್ಲಿ 152 ಮಿ.ಮೀ. ಲೆನ್ಸಿಗೆ ತಳ (ಎರಡು ಕ್ಲಿಕ್‌ಗಳ ನಡುವಿನ ದೂರ) ಮತ್ತು ಎತ್ತರದ ಅನುಪಾತ 0.6. ಅದೇ ಫಿಲ್ಮಿಗೆ 305 ಮಿ.ಮೀ. ಹಾಕಿದರೆ 0.3. ವಿವರ ಹೆಚ್ಚು, ಆಳದ ಗ್ರಹಿಕೆ ಅರ್ಧ. ಬಲೆಯ ಕೆಳಗೆ ಉಬ್ಬು ಇದೆಯೋ ಇಲ್ಲವೋ ಅನ್ನೋದು ಜೋಡಿ ಚಿತ್ರದಲ್ಲಿ ಎದ್ದು ಕಾಣುವುದು ಅಗಲ ಕೋನದಲ್ಲಿ. ಚಪ್ಪಟೆ ಚಿತ್ರದಲ್ಲಿ ಪೊದೆಯಂತೆ ಕಂಡದ್ದು ಜೋಡಿ ನೋಟದಲ್ಲಿ ಚೌಕ ಮೂಲೆಗಳ ದಿಬ್ಬವಾಗಿ ನಿಲ್ಲುತ್ತದೆ.

ಹಲಸೂರು_ಹಸಿರು

ಬಲೆಯ ವಿಷಯಕ್ಕೆ ಬಂದಿರಿ, ಸರಿ.

ಕಪ್ಪು ಬಿಳುಪಿನ ಪ್ಯಾನ್‌ಕ್ರೊಮ್ಯಾಟಿಕ್ ಚಿತ್ರ ಇಡೀ ಗೋಚರ ಬೆಳಕನ್ನು ಒಂದೇ ಪಾತ್ರೆಗೆ ಸುರಿದುಕೊಳ್ಳುವುದರಿಂದ ಸಣ್ಣ ಪಿಕ್ಸೆಲ್‌ಗೂ ಬೆಳಕು ಸಾಕಾಗುತ್ತದೆ. 2019ರ ನವೆಂಬರ್‌ನಲ್ಲಿ ಹೋದ ಕಾರ್ಟೊಸ್ಯಾಟ್-3ರ ಪ್ಯಾನ್ ಪಿಕ್ಸೆಲ್ ಸುಮಾರು 25 ಸೆಂ.ಮೀ.; ಬಣ್ಣದ ಪಟ್ಟಿಗಳು ಮೀಟರಿನ ಆಸುಪಾಸು. ನಾವು ನೋಡುವ ಚೂಪಾದ ಬಣ್ಣದ ಚಿತ್ರ ಎರಡನ್ನೂ ಬೆರೆಸಿದ್ದು. ಹಾಗೆ ಬೆರೆಸಿದ ಚಿತ್ರದಲ್ಲಿ ಒಂದೆರಡು ಪಿಕ್ಸೆಲ್ ಗಾತ್ರದ ವಸ್ತುವಿನ ಬಣ್ಣವನ್ನು ಸಾಕ್ಷಿ ಅಂತ ಹಿಡಿಯಬೇಡಿ; ಆ ಬಣ್ಣ ಪಕ್ಕದ ಹುಲ್ಲಿನದ್ದೂ ಆಗಿರಬಹುದು.

ಆರೋಗ್ಯವಾದ ಎಲೆ ಕೆಂಪು ಬೆಳಕಿನಲ್ಲಿ ನೂರಕ್ಕೆ ಐದರಷ್ಟು ಪ್ರತಿಫಲಿಸಿದರೆ ಸಮೀಪ ಅವಗೆಂಪಿನಲ್ಲಿ 40ರಿಂದ 50ರಷ್ಟು. ಮಾಮೂಲಿ ಹಸಿರು ಬಣ್ಣಕ್ಕೆ ಈ ಏರಿಕೆ ಇಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಕೊಡಾಕ್ ಮಾಡಿದ ಮರೆಪತ್ತೆ ಫಿಲ್ಮ್ ಇದನ್ನೇ ಹಿಡಿಯಿತು: ಗಿಡ ಕೆಂಪಾಗಿ, ಹಸಿರು ಬಳಿದ ಬಟ್ಟೆ ನೀಲಿ ನೇರಳೆಯಾಗಿ. ಕಡಿದು ಮುಚ್ಚಿದ ಕೊಂಬೆಗಳು ಬಾಡಿದ ಹಾಗೆ ಕೆಂಪು ಮಂಕಾಗುತ್ತದೆ. ನೀರು ಕಪ್ಪಾಗುವುದರಿಂದ ದಡದ ಗೆರೆ ಖಚಿತ. ನೆರಳೊಳಗೆ ಮಾತ್ರ ಇದು ಕುರುಡು: ಆಕಾಶದಿಂದ ಚೆದುರಿ ಬರುವ ಬೆಳಕಿನಲ್ಲಿ ಅವಗೆಂಪು ತೀರಾ ಕಡಿಮೆ. ಮರಸಾಲಿನ ನೆರಳಿನ ಬದಿಗೆ ಟ್ಯಾಂಕ್ ನಿಲ್ಲಿಸುವುದು ಸುಮ್ಮನೆ ಅಲ್ಲ.

ಈಗಿನ ಬಲೆಗಳ ಬಣ್ಣ ಎಲೆಯ ಆ ಏರಿಕೆಯನ್ನೇ ನಕಲು ಮಾಡುತ್ತವೆ. ಆದರೆ ನಕಲು ಒಂದು ಋತುವಿಗೆ ಮಾತ್ರ. ಏಪ್ರಿಲ್‌ನಲ್ಲಿ ಚಿತ್ರದುರ್ಗ, ಬಳ್ಳಾರಿ ಕಡೆಯ ಒಣ ನೆಲವನ್ನು ಅವಗೆಂಪಿನಲ್ಲಿ ನೋಡಿ: ಎಲ್ಲೂ ಕೆಂಪಿಲ್ಲ. ಅಂಥ ಕಡೆ ಒಳ್ಳೆಯ ಹಸಿರು ಬಲೆಯೇ ಇಡೀ ಚಿತ್ರದ ಏಕೈಕ ಕೆಂಪು ತೇಪೆ.

ನಕಲು ಸೋಲುವ ಇನ್ನೊಂದು ಜಾಗ ಎಲೆಯೊಳಗಿನ ನೀರು. ಅದು 1.45 ಮತ್ತು 1.94 ಮೈಕ್ರಾನ್ ಬಳಿ ಬೆಳಕನ್ನು ನುಂಗುತ್ತದೆ, ಪ್ಲಾಸ್ಟಿಕ್ ಬಲೆ ನುಂಗುವುದಿಲ್ಲ. ಗಾಳಿಯ ತೇವವೂ ಅಲ್ಲೇ ನುಂಗುವುದರಿಂದ ಅಳತೆ ಮಾಡುವುದು ಆ ತಗ್ಗುಗಳ ಇಕ್ಕೆಲಗಳಲ್ಲಿ. ಇದಕ್ಕೆ ನೂರಾರು ಪಟ್ಟಿಗಳ ಹೈಪರ್‌ಸ್ಪೆಕ್ಟ್ರಲ್ ಸಂವೇದಕ ಬೇಕು, ಪಟ್ಟಿ ಹೆಚ್ಚಿದಷ್ಟೂ ಪ್ರತಿ ಪಟ್ಟಿಗೆ ಬೆಳಕು ಕಡಿಮೆ, ಹಾಗಾಗಿ ಪಿಕ್ಸೆಲ್ ದೊಡ್ಡದು. 2018ರ ನವೆಂಬರ್‌ನಲ್ಲಿ ಇಸ್ರೊ ಹಾರಿಸಿದ ಹೈಸಿಸ್ ಉಪಗ್ರಹದ ಪಿಕ್ಸೆಲ್ 30 ಮೀಟರ್. ಒಂದು ಟ್ಯಾಂಕ್ ಅದರ ಮೂರು ಪ್ರತಿಶತವನ್ನೂ ತುಂಬುವುದಿಲ್ಲ. ಕೆಳಗೆ ಹಾರುವ ವಿಮಾನದಿಂದಲೇ ಆಗಬೇಕಾದ ಕೆಲಸ ಅದು, ಅದೂ ಮೋಡವಿಲ್ಲದ ನಡುಹಗಲಲ್ಲಿ.

ಜಕ್ಕೂರು_ಡ್ರೋನ್

ಥರ್ಮಲ್ ಬಗ್ಗೆ ನಾನು ಹೇಳ್ತೀನಿ. ಮೊದಲ ಮಾತು: ಅದು ಬಿಸಿ ತೋರಿಸಲ್ಲ, ಹಿನ್ನೆಲೆಗೂ ವಸ್ತುವಿಗೂ ಇರೋ ವ್ಯತ್ಯಾಸ ತೋರಿಸುತ್ತೆ. ದಿನಕ್ಕೆ ಎರಡು ಸಲ, ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೆ ಮತ್ತೆ ಮುಳುಗೋ ಆಸುಪಾಸು, ನಿಂತ ಕಬ್ಬಿಣವೂ ಮಣ್ಣೂ ಒಂದೇ ತಾಪಕ್ಕೆ ಬರ್ತವೆ. ಆ ಹೊತ್ತಲ್ಲಿ ತಣ್ಣಗಿನ ಟ್ಯಾಂಕ್ ಪರದೆಯಿಂದ ಮಾಯ. ಬಂಡೆಗಳು ಸಂಜೆ ಬಿಸಿ ಇಟ್ಕೊಂಡಿರ್ತವೆ, ರಾಮನಗರದ ಕಡೆ ಬಂಡೆ ಸೀಮೆಯಲ್ಲಿ ಏಳು ಗಂಟೆಗೆ ಹಾರಿಸಿದ್ರೆ ಎಲ್ಲ ಬಂಡೆಯೂ ವಾಹನವೇ. ಬೆಳಗಿನ ಜಾವ ಮೂರರಿಂದ ಐದು ಒಳ್ಳೆಯ ಹೊತ್ತು. ಮಳೆ ಬಂದು ಎಲ್ಲ ನೆಂದುಹೋದ್ರೆ ಚಿತ್ರ ಪೂರ್ತಿ ಬೂದಿ.

ಪಟ್ಟಿ ಎರಡು. 3ರಿಂದ 5 ಮೈಕ್ರಾನ್: ಎಂಜಿನ್, ಹೊಗೆಕೊಳವೆಯಂಥ ತೀರಾ ಬಿಸಿಗೆ ಒಳ್ಳೆಯದು, ತೇವದ ಗಾಳಿಯಲ್ಲಿ ದೂರ ಓಡುತ್ತೆ, ಹಗಲು ಬಿಸಿಲಿನ ಮಿಂಚು ಮೋಸ ಮಾಡುತ್ತೆ, ಸಂವೇದಕವನ್ನು ಸಾಮಾನ್ಯವಾಗಿ 77 ಕೆಲ್ವಿನ್ ಹತ್ತಿರ ತಣ್ಣಗಿಡಬೇಕು. 8ರಿಂದ 14: ಮಾಮೂಲಿ ತಾಪಕ್ಕೆ, ಹೊಗೆ ಧೂಳಿಗೆ ವಾಸಿ, ತಣಿಸದ ಸಂವೇದಕ ಸಾಕು, ಡ್ರೋನ್‌ಗಳಲ್ಲಿ ಇರೋದು ಇದೇ. ಮಂಗಳೂರಿನಂಥ ಕಡಲ ತೇವದಲ್ಲಿ ದೂರದ ಗುರಿ ನೋಡಬೇಕು ಅಂದ್ರೆ ಮೊದಲನೆಯದೇ.

ಒಂದು ಲೆಕ್ಕ: 640 × 512, 12 ಮೈಕ್ರಾನ್ ಪಿಕ್ಸೆಲ್, 19 ಮಿ.ಮೀ. ಲೆನ್ಸ್, 120 ಮೀಟರ್ ಎತ್ತರ. ಪಿಕ್ಸೆಲ್‌ಗೆ 7.6 ಸೆಂ.ಮೀ., ಚೌಕಟ್ಟು 48 × 39 ಮೀಟರ್. ಅರ್ಧ ಮೀಟರ್ ಅಗಲದ ಮನುಷ್ಯ ಆರೇಳು ಪಿಕ್ಸೆಲ್. ಯಾರೋ ಇದ್ದಾರೆ ಅನ್ನಬಹುದು, ಕೈಯಲ್ಲಿ ಗುದ್ದಲಿಯೋ ಬಂದೂಕೋ ಅನ್ನೋಕಾಗಲ್ಲ.

ಸಾಮಾನ್ಯವಾಗಿ ಎಡವೋದು ಇಲ್ಲಿ: ಆಟೊ ಗೇನ್, ಅಂದ್ರೆ ಕ್ಯಾಮೆರಾ ತಾನೇ ಹೊಳಪಿನ ಮಟ್ಟ ಬದಲಿಸಿಕೊಳ್ಳೋದು. ಚೌಕಟ್ಟಲ್ಲಿ ಒಂದು ಬೆಂಕಿ ಬಂತು ಅಂದ್ರೆ ಉಳಿದದ್ದೆಲ್ಲ ಒಂದೇ ಕಪ್ಪು. ಕೈಯಾರೆ ಮಟ್ಟ ಹಿಡಿದಿಡಬೇಕು. ಹೊಳಪು ಅಲ್ಯುಮಿನಿಯಂ ತಗಡು ತನ್ನ ತಾಪ ಹೇಳಲ್ಲ, ಮೇಲಿನ ತಣ್ಣನೆ ಆಕಾಶವನ್ನು ಪ್ರತಿಫಲಿಸಿ ಮಂಜಿನಷ್ಟು ತಣ್ಣಗೆ ಕಾಣುತ್ತೆ. ಗಾಜಿನಾಚೆ ಏನೂ ಕಾಣಲ್ಲ. ಅಸಲಿ ಲಾಭ ಬೇರೆ ಕಡೆ ಇದೆ: ತೈಲದ ಟ್ಯಾಂಕಿಯಲ್ಲಿ ಎಷ್ಟು ತುಂಬಿದೆ ಅನ್ನೋ ಗೆರೆ, ಆಗತಾನೆ ಹೋದ ವಿಮಾನದ ತಣ್ಣನೆ ನೆರಳು ರನ್‌ವೇ ಪಕ್ಕದಲ್ಲಿ ಹಾಗೇ ಉಳಿದಿರೋದು, ಹತ್ತು ಟ್ರಕ್‌ಗಳಲ್ಲಿ ಯಾವ ಮೂರರ ಎಂಜಿನ್ ಓಡಿದೆ ಅನ್ನೋದು. ಇದನ್ನ ಬೇರೆ ಯಾವ ಚಿತ್ರವೂ ಹೇಳಲ್ಲ.

(ಇದನ್ನೆಲ್ಲ ಓದಿ ಯಾರೂ ಡ್ರೋನ್ ಎತ್ಕೊಂಡು ಹೊರಡಬೇಡಿ. ಎಚ್‌ಎಎಲ್, ಯಲಹಂಕ, ಜಕ್ಕೂರು ಮೂರೂ ಇರೋ ಊರು ಇದು. ಸರ್ಕಾರದ ಡ್ರೋನ್ ವಾಯುಪ್ರದೇಶದ ನಕ್ಷೆ ನೋಡಿ, ಅನುಮತಿ ಬೇಕಾದ ಕಡೆ ತಗೊಂಡು, ಆಮೇಲೆ.)

ಎಕ್ಸ್‌ಬ್ಯಾಂಡ್_ಸಿವಿರಾಮನ್‌ನಗರ

ಜುಲೈನಲ್ಲಿ ಮೇಲಿನ ಎಲ್ಲರ ಅಂಗಡಿಯೂ ಬಂದ್. ಆಗುಂಬೆಯ ಮೇಲೆ ಮೋಡ ಕೂತರೆ ಪಿಕ್ಸೆಲ್ 25 ಸೆಂ.ಮೀ. ಆದರೇನು, 25 ಮೀಟರ್ ಆದರೇನು. ಆಗ ಉಳಿಯೋದು ಸಿಂಥೆಟಿಕ್ ಅಪರ್ಚರ್ ರೇಡಾರ್: ಹಾರುತ್ತಾ ಕಳಿಸಿದ ರೇಡಿಯೊ ತರಂಗಗಳ ಮರುದನಿಗಳನ್ನು ಸೇರಿಸಿ ಚಿತ್ರ ಕಟ್ಟೋ ರೇಡಾರ್. ಎಕ್ಸ್ ಬ್ಯಾಂಡ್ ಸುಮಾರು 3 ಸೆಂ.ಮೀ. ತರಂಗ, ಸಿ ಬ್ಯಾಂಡ್ 5.6, ಎಲ್ ಬ್ಯಾಂಡ್ 24. ನಮ್ಮ ರಿಸ್ಯಾಟ್-1 (2012), ಇಒಎಸ್-04 (2022) ಉಪಗ್ರಹಗಳು ಸಿ ಬ್ಯಾಂಡ್; 2025ರ ಜುಲೈನಲ್ಲಿ ಹೋದ ನಿಸಾರ್‌ನಲ್ಲಿ ಎಲ್ ಮತ್ತು ಎಸ್ ಎರಡೂ.

ದೂರದ ದಿಕ್ಕಿನ ವಿವರ ಬ್ಯಾಂಡ್‌ವಿಡ್ತ್‌ನಿಂದ (ಕಳಿಸೋ ಆವರ್ತನಗಳ ಹರವಿನಿಂದ) ಬರುತ್ತೆ, ಎತ್ತರದಿಂದಲ್ಲ: 300 ಮೆಗಾಹರ್ಟ್ಸ್‌ಗೆ ಅರ್ಧ ಮೀಟರ್, 600ಕ್ಕೆ ಕಾಲು ಮೀಟರ್. ನೂರು ಕಿ.ಮೀ. ಆಚೆಯಿಂದಲೂ ಅಷ್ಟೇ. ಯಾವ ಲೆನ್ಸಿಗೂ ಈ ಯೋಗ ಇಲ್ಲ, ಪೀಣ್ಯದವರು ಕ್ಷಮಿಸಬೇಕು.

ಬೆಲೆ ಏನು? ರೇಡಾರ್ ಕೋನ ಅಳೆಯಲ್ಲ, ದೂರ ಅಳೆಯುತ್ತೆ. ಬೆಟ್ಟದ ತುದಿ ಬುಡಕ್ಕಿಂತ ರೇಡಾರ್‌ಗೆ ಹತ್ತಿರ ಇದ್ರೆ ತುದಿ ಮೊದಲು ಬೀಳುತ್ತೆ, ಬೆಟ್ಟ ರೇಡಾರ್ ಕಡೆಗೆ ಮಗುಚುತ್ತೆ. ನಂದಿಬೆಟ್ಟ ಸುತ್ತಲ ನೆಲದಿಂದ 500 ಮೀಟರಿಗೂ ಹೆಚ್ಚು ಏರಿದೆ. 500 ಅಂತಲೇ ಹಿಡಿಯಿರಿ. ಉಪಗ್ರಹ ಲಂಬದಿಂದ 35 ಡಿಗ್ರಿಯಲ್ಲಿ ನೋಡಿದರೆ ತುದಿ 714 ಮೀಟರ್ ಈಚೆ ಬರುತ್ತೆ. ವಿಮಾನ ಪಕ್ಕದಿಂದ 75 ಡಿಗ್ರಿಯಲ್ಲಿ ನೋಡಿದರೆ 134 ಮೀಟರ್ ಮಾತ್ರ, ಆದರೆ ಹಿಂದೆ 1,870 ಮೀಟರ್ ಉದ್ದದ ನೆರಳು. ಬಿಸಿಲಿನ ನೆರಳಲ್ಲಾದರೂ ಒಂಚೂರು ಬೆಳಕಿರುತ್ತೆ. ರೇಡಾರ್ ನೆರಳಲ್ಲಿ ಏನೇನೂ ಇಲ್ಲ.

ಚಿತ್ರಪಟ ಮೇಡಂ ಅವರ ಟ್ಯಾಂಕಿಗೆ ಇದನ್ನ ಹಾಕಿ. 15 ಮೀಟರ್ ಮರಸಾಲು, ವಿಮಾನದ ರೇಡಾರ್ ತೆರೆದ ಬದಿಯಿಂದ 75 ಡಿಗ್ರಿಯಲ್ಲಿ ನೋಡಿದರೆ ಮರದ ಮಗುಚುವಿಕೆ ಮುಂದಿನ 4 ಮೀಟರ್ ನೆಲದ ಮೇಲೆ ಮಾತ್ರ. ಟ್ಯಾಂಕ್ ಸ್ವಲ್ಪ ಹೊರಗಿದ್ರೆ ಸಿಕ್ಕಿತು. ಎದುರು ಬದಿಯಿಂದ ನೋಡಿದ್ರೆ 56 ಮೀಟರ್ ನೆರಳೊಳಗೆ ಹೂತುಹೋಯ್ತು. ಉಪಗ್ರಹಕ್ಕೆ ಮಗುಚುವಿಕೆ 21 ಮೀಟರ್, ಮರ ಟ್ಯಾಂಕಿನ ಮೇಲೇ ಬೀಳುತ್ತೆ. ಹಾಗಾಗಿ ಹಾರಾಟದ ಗೆರೆ ಎಳೆಯೋವಾಗಲೇ ಸಾಲಿನ ಯಾವ ಬದಿ ಅಂತ ತೀರ್ಮಾನ ಆಗಬೇಕು, ಇಲ್ಲಾಂದ್ರೆ ಎರಡೂ ಬದಿಯಿಂದ ಹಾರಿ.

ಓಡೋ ವಸ್ತು ಇನ್ನೂ ತಮಾಷೆ. ರೇಡಾರ್ ಕಡೆಗೆ ಸೆಕೆಂಡಿಗೆ 10 ಮೀಟರ್ ಬರುತ್ತಿರುವ ರೈಲು, 50 ಕಿ.ಮೀ. ದೂರ, ವಿಮಾನದ ವೇಗ 200 ಮೀಟರ್: ಚಿತ್ರದಲ್ಲಿ ರೈಲು ಹಳಿಯಿಂದ 2.5 ಕಿ.ಮೀ. ಪಕ್ಕಕ್ಕೆ, ಹೊಲದೊಳಗೆ ಓಡ್ತಿರುತ್ತೆ. ಓಡುವುದನ್ನು ಹಿಡಿಯೋಕೆ ಬೇರೆಯೇ ವಿಧಾನ ಇದೆ, 1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕದ ಎರಡು ಜೆ-ಸ್ಟಾರ್ಸ್ ರೇಡಾರ್ ವಿಮಾನಗಳು ಅದನ್ನೇ ಮಾಡಿದವು. ಅದರ ದೌರ್ಬಲ್ಯ ತಿರುಗುಮುರುಗು: ನಿಂತದ್ದು ಕಾಣಲ್ಲ, ತೀರಾ ನಿಧಾನದ್ದೂ ಕಾಣಲ್ಲ, ನೋಟಕ್ಕೆ ಅಡ್ಡಡ್ಡ ಹೋಗೋದೂ ಕಾಣಲ್ಲ.

ಕೆಂಗೇರಿ_ಕುತೂಹಲಿ

ಹಾಗಾದ್ರೆ ರೇಡಾರ್‌ನಲ್ಲಿ ಹೊಳೆಯೋದೆಲ್ಲ ಟ್ಯಾಂಕ್ ಅಂದ್ಕೋಬಹುದಾ? ಎಲ್ ಬ್ಯಾಂಡ್ ಎಲೆ ದಾಟುತ್ತೆ ಅಂತಾರಲ್ಲ, ಅದನ್ನೇ ಯಾಕೆ ಎಲ್ಲ ಕಡೆ ಹಾಕಲ್ಲ?

ಎಕ್ಸ್‌ಬ್ಯಾಂಡ್_ಸಿವಿರಾಮನ್‌ನಗರ

ಹೊಳಪು ಗಾತ್ರ ಹೇಳಲ್ಲ. ಮೂರು ತಗಡನ್ನು ಮೂಲೆ ಥರ ಜೋಡಿಸಿ, ಅಂಚು 30 ಸೆಂ.ಮೀ. ಇದ್ದರೆ ಸಾಕು, 3 ಸೆಂ.ಮೀ. ತರಂಗಕ್ಕೆ ಸುಮಾರು 38 ಚದರ ಮೀಟರ್ ಗುರಿಯಂತೆ ಹೊಳೆಯುತ್ತೆ. ವಾಹನದಷ್ಟೇ. ನೀರು ನಿಂತ ಗದ್ದೆಯಲ್ಲಿ ಪೈರು ಎದ್ದಾಗಲೂ ಗದ್ದೆ ಹೊಳೆಯುತ್ತೆ. ಬರೀ ನಿಂತ ನೀರು ಕಪ್ಪು. ಜೊತೆಗೆ ಚುಕ್ಕೆ ಗದ್ದಲ. ನಾಲ್ಕು ನೋಟ ಸರಾಸರಿ ಮಾಡಿದರೆ ಗದ್ದಲ ಅರ್ಧ ಆಗುತ್ತೆ, ಅಷ್ಟೇ ವಿವರ ಬಿಟ್ಟುಕೊಡಬೇಕು.

ಎಲ್ ಬ್ಯಾಂಡ್ ತೆಳು ಎಲೆಹೊದಿಕೆ ದಾಟುತ್ತೆ, ಕಾಂಡಗಳಿಂದ ಪುಟಿದು ಬರುತ್ತೆ. ಆದರೆ ಕೆಳ ಆವರ್ತನಗಳಲ್ಲಿ ಬ್ಯಾಂಡ್‌ವಿಡ್ತ್ ಸಿಗೋದು ಕಮ್ಮಿ, ಅಂದ್ರೆ ಪಿಕ್ಸೆಲ್ ದೊಡ್ಡದು. ಮರದ ಕಾಂಡ ಮತ್ತು ನೆಲ ಸೇರಿ ಮಾಡೋ ಮೂಲೆಯೂ ಕಬ್ಬಿಣದ ಹಾಗೇ ಹೊಳೆಯುತ್ತೆ. ಕಾಡಲ್ಲಿ ಏನೋ ಇದೆ ಅನ್ನಬಹುದು, ಅದೇನು ಅಂತ ಹೇಳೋಕೆ ಬರಲ್ಲ.

ನನಗೆ ಹೆಚ್ಚು ನಂಬಿಕೆ ಇರೋದು ಟ್ಯಾಂಕನ್ನು ಹುಡುಕೋದರಲ್ಲಿ ಅಲ್ಲ, ಅದು ಬಂದ ದಾರಿ ಹುಡುಕೋದರಲ್ಲಿ. ಒಂದೇ ಗೆರೆಯಲ್ಲಿ ಎರಡು ಸಲ ಹಾರಿ ಎರಡು ಚಿತ್ರಗಳ ಫೇಸ್ (ವಾಪಸ್ ಬಂದ ತರಂಗ ಏರಿಳಿತದ ಯಾವ ಹಂತದಲ್ಲಿತ್ತು ಅನ್ನೋದು) ಹೋಲಿಸಿದರೆ ಮಣ್ಣಿನ ಮೇಲೆ ಚೈನು ಉಜ್ಜಿದ ಪಟ್ಟಿ ಕಪ್ಪಾಗಿ ಎದ್ದುಬರುತ್ತೆ, ಕಣ್ಣಿಗೆ ಕಾಣದಷ್ಟು ತೆಳುವಾಗಿದ್ದರೂ. ಬಲೆ ಟ್ಯಾಂಕ್ ಮುಚ್ಚುತ್ತೆ, ದಾರಿ ಮುಚ್ಚಲ್ಲ. ಎರಡು ಹಾರಾಟದ ನಡುವೆ ಮಳೆ ಬಂದರೆ, ಹುಲ್ಲು ಗಾಳಿಗೆ ಅಲುಗಿದರೆ ಇಡೀ ಚಿತ್ರವೇ ಕಪ್ಪು. ಗೆರೆ ತಪ್ಪಿ ದೂರ ಹಾರಿದರೂ ಅಷ್ಟೇ. ಒಣ ಬಯಲಿಗೆ ಸರಿ, ಮಲೆನಾಡಿಗೆ ಅಲ್ಲ.

ಪೀಣ್ಯ_ಲೆನ್ಸ್

ಮಣ್ಣಿನ ದಾರಿ ನೋಡೋಕೆ ಬೆಳಗಿನ ಓರೆ ಬಿಸಿಲಲ್ಲಿ ತೆಗೆದ ನೇರ ಚಿತ್ರವೂ ಸಾಕು ಸ್ವಾಮಿ. ಹೊಲದ ನಡುವೆ ಬಂದ ಚೈನಿನ ಗುರುತು ಪೊದೆಯ ಬಳಿ ನಿಂತುಹೋಗಿ ಆಚೆ ಹೊರಡದಿದ್ದರೆ, ಪೊದೆ ಪೊದೆಯಲ್ಲ.

ಚಿತ್ರಪಟ_ಚಾಮರಾಜಪೇಟೆ

ತುಂಬಾ ಚೆನ್ನಾಗಿ ಬರ್ತಿದೆ. ವಿಡಿಯೊ ಯಾರೂ ಮುಟ್ಟಲಿಲ್ಲ. ಈಗಿನ ಸುದ್ದಿಯಲ್ಲೆಲ್ಲ ಅದೇ ಕಾಣೋದು. ಮತ್ತೆ, ಟ್ಯಾಂಕ್ ಅಂತ ಹೇಳೋಕೆ ಎಷ್ಟು ಪಿಕ್ಸೆಲ್ ಬೇಕು?

ಜಕ್ಕೂರು_ಡ್ರೋನ್

ವಿಡಿಯೊ ಅಂದ್ರೆ ಎಳನೀರು ಸ್ಟ್ರಾ ಒಳಗಿಂದ ಊರು ನೋಡಿದ ಹಾಗೆ. 8 ಕಿ.ಮೀ. ದೂರದಿಂದ 1 ಡಿಗ್ರಿ ನೋಟ: 140 ಮೀಟರ್ ಅಗಲ, 1920 ಪಿಕ್ಸೆಲ್‌ಗೆ ಹಂಚಿದರೆ ತಲಾ 7 ಸೆಂ.ಮೀ. ಆ ಗಾಡಿ ಎಲ್ಲಿಂದ ಬಂತು, ಯಾರು ಇಳಿದರು, ಎಷ್ಟು ಹೊತ್ತು ನಿಂತಿತು ಅನ್ನೋದಕ್ಕೆ ಇದರಂಥದ್ದು ಇಲ್ಲ. ಆದರೆ ಪಕ್ಕದ ಬೀದಿಯಲ್ಲಿ ಏನಾಗ್ತಿದೆ ಗೊತ್ತಿಲ್ಲ. ಹುಡುಕೋಕೆ ವಿಡಿಯೊ ಬಳಸೋದು ಇಂಧನ ಸುಡೋ ಕೆಲಸ. ಬೇರೆ ಚಿತ್ರ ತೋರಿಸಿದ ಜಾಗಕ್ಕೆ ತಿರುಗಿಸಿ ನೋಡಬೇಕು. ರೇಡಿಯೊ ಸಂಪರ್ಕ ಸಣ್ಣದಾದ್ರೆ ಚಿತ್ರ ಹಿಂಡಿ ಕಳಿಸ್ತಾರೆ, ಆಗ ಮೊದಲು ಸಾಯೋದು ನಿಮಗೆ ಬೇಕಾದ ಸಣ್ಣ ವಿವರವೇ. ವಿಮಾನದಲ್ಲೇ ದಾಖಲಾದ ಮೂಲ ಪ್ರತಿಯನ್ನು ಇಳಿದ ಮೇಲೆ ನೋಡೋದು ಬಿಡಬಾರದು.

ನೆರಳಳತೆ

ಪಿಕ್ಸೆಲ್ ಲೆಕ್ಕಕ್ಕೆ ಜಾನ್ಸನ್ ಮಾನದಂಡ (1958) ಇದೆ: ವಸ್ತುವಿನ ಕಿರಿದಾದ ಅಳತೆಗೆ ಅಡ್ಡಲಾಗಿ ಒಂದು ಜೋಡಿ ಗೆರೆ ಸಿಕ್ಕರೆ 'ಏನೋ ಇದೆ', ನಾಲ್ಕು ಸಿಕ್ಕರೆ 'ಟ್ಯಾಂಕ್, ಟ್ರಕ್ ಅಲ್ಲ', 6.4 ಸಿಕ್ಕರೆ 'ಇಂಥ ಟ್ಯಾಂಕ್'. ಜೋಡಿಗೆ ಎರಡು ಪಿಕ್ಸೆಲ್. ಟಿ-72ರ ಅಗಲ ಸುಮಾರು 3.6 ಮೀಟರ್, ಹಾಗಾಗಿ ಮೇಲಿನಿಂದ ಕ್ರಮವಾಗಿ 1.8 ಮೀಟರ್, 45 ಸೆಂ.ಮೀ., 28 ಸೆಂ.ಮೀ. ಪಿಕ್ಸೆಲ್. ಇಷ್ಟಕ್ಕೆ ಸಿಗುವುದು 50 ಪ್ರತಿಶತ ಸಾಧ್ಯತೆ ಮಾತ್ರ, ಅದೂ ಹಿನ್ನೆಲೆ ಸ್ವಚ್ಛವಾಗಿದ್ದರೆ. ಬಲೆ, ನೆರಳು, ಮಬ್ಬು ಸೇರಿದರೆ ಇನ್ನೂ ಸಣ್ಣ ಪಿಕ್ಸೆಲ್ ಬೇಕು. ರಬ್ಬರ್ ಟ್ಯಾಂಕಿಗೂ ಇದೇ ಅಂಕ ಸಿಗುತ್ತದೆ. 1999ರಲ್ಲಿ ಕೊಸೊವೊದಲ್ಲಿ ಸರ್ಬ್ ಸೇನೆ ನಕಲಿ ಟ್ಯಾಂಕ್, ನಕಲಿ ಸೇತುವೆಗಳನ್ನು ನಿಲ್ಲಿಸಿತ್ತು. ಆಕಾರ ನೋಡುವ ಚಿತ್ರಕ್ಕೆ ಅವು ಅಸಲಿಯೇ.

ಚಿತ್ರಪಟ_ಚಾಮರಾಜಪೇಟೆ

ಕೊನೇ ಪ್ರಶ್ನೆ. ಜುಲೈ, ಸಹ್ಯಾದ್ರಿಯಂಥ ಸೀಮೆ, ಒಂದೇ ಹಾರಾಟ, ಎರಡೇ ಸಂವೇದಕ. ಏನು ಹೊರಿಸ್ತೀರಿ?

ಎಕ್ಸ್‌ಬ್ಯಾಂಡ್_ಸಿವಿರಾಮನ್‌ನಗರ

ರೇಡಾರ್, ಮತ್ತೆ ರೇಡಾರ್. ಒಂದು ಎಕ್ಸ್, ಒಂದು ಎಲ್. ಜೋರು ಮಳೆ ಎಕ್ಸ್ ಬ್ಯಾಂಡನ್ನು ಸ್ವಲ್ಪ ತಿನ್ನುತ್ತೆ, ಎಲ್‌ಗೆ ಅದು ಲೆಕ್ಕಕ್ಕಿಲ್ಲ.

ಹಲಸೂರು_ಹಸಿರು

ಎರಡೂ 'ಏನೋ ಹೊಳೆಯುತ್ತಿದೆ' ಅನ್ನುತ್ತವೆ, ಆಮೇಲೆ? ಒಂದು ರೇಡಾರ್ ಸಾಕು. ಎರಡನೆಯದು ಮೋಡದ ಕೆಳಗೆ ಇಳಿಯಬಲ್ಲ ಸಣ್ಣ ಡ್ರೋನ್‌ನ ಕ್ಯಾಮೆರಾ, ಕೆಳ ಓರೆಯಲ್ಲಿ.

ಜಕ್ಕೂರು_ಡ್ರೋನ್

ಹಲಸೂರು ಮೇಡಂ ಪರ ನನ್ನ ಓಟು, ಆದರೆ ಘಟ್ಟದಲ್ಲಿ ಜುಲೈ ತಿಂಗಳು ಮೋಡವೇ ನೆಲಕ್ಕೆ ಕೂತಿರುತ್ತೆ. ಕೆಳಗೆ ಇಳಿಯೋಕೆ ಜಾಗ ಎಲ್ಲಿದೆ? ಥರ್ಮಲ್ಲೂ ಆ ಮಂಜಲ್ಲಿ ನೂರಿನ್ನೂರು ಮೀಟರ್ ದಾಟಲ್ಲ.

ಎಕ್ಸ್‌ಬ್ಯಾಂಡ್_ಸಿವಿರಾಮನ್‌ನಗರ

ಅದನ್ನೇ ಹೇಳಿದ್ದು.

ನೆರಳಳತೆ

ಯಾವುದನ್ನೇ ಹೊರಿಸಿ, ಜೂನ್‌ಗೆ ಮೊದಲು, ಮೇ ತಿಂಗಳ ಒಂದು ಸ್ವಚ್ಛ ಬೆಳಿಗ್ಗೆ ಅದೇ ಗೆರೆಯಲ್ಲಿ ಜೋಡಿ ನೇರ ಚಿತ್ರ ತೆಗೆದಿಟ್ಟುಕೊಂಡಿರಬೇಕು. ಜುಲೈನ ರೇಡಾರ್ ಚಿತ್ರದಲ್ಲಿ ಹೊಳೆಯುವ ಚುಕ್ಕೆ ಮೇ ತಿಂಗಳಲ್ಲಿ ತಗಡಿನ ದನದ ಕೊಟ್ಟಿಗೆಯಾಗಿತ್ತೋ, ಖಾಲಿ ಹಕ್ಕಲಾಗಿತ್ತೋ ಅಂತ ನೋಡುವುದು ಆ ಚಿತ್ರದಲ್ಲೇ. ಅದರಿಂದ ಬಂದ ಎತ್ತರದ ಮಾದರಿ ಇಲ್ಲದೆ ರೇಡಾರ್‌ನ ಮಗುಚಿದ ಬೆಟ್ಟಗಳನ್ನು ಎತ್ತಿ ಸರಿಯಾದ ಜಾಗಕ್ಕೆ ನಿಲ್ಲಿಸುವುದಕ್ಕೂ ಆಗುವುದಿಲ್ಲ. ಪ್ರತಿ ಚಿತ್ರದ ಅಂಚಿನಲ್ಲಿ ದಿನಾಂಕ, ನಿಮಿಷದವರೆಗೆ ಸಮಯ, ಎತ್ತರ, ನಾಭಿದೂರ, ಹಾರಿದ ದಿಕ್ಕು ಬರೆದಿರಲಿ. ರೇಡಾರ್ ಆದರೆ ಯಾವ ಬದಿಗೆ ನೋಡುತ್ತಿತ್ತು, ಯಾವ ಕೋನದಲ್ಲಿ ಅಂತಲೂ.